ಭಾನುವಾರವೂ ಓಡಾಟವೇ: ಪಾಳಿ ಕೆಲಸದವರು ಸಬ್ಬತ್ ಆಚರಿಸೋದು ಹೇಗೆ?

ಪ್ರಶ್ನೆ (ಹಗುರನೊಗ): ಗಂಡನಿಗೆ ಐಟಿ ಸಪೋರ್ಟ್, ತಿಂಗಳಿಗೆ ಎರಡು ಭಾನುವಾರ ಆನ್‌ಕಾಲ್. ಹೆಂಡತಿ ನರ್ಸ್, ವಾರದ ರಜೆ ಯಾವತ್ತು ಬೀಳುತ್ತೋ ಗೊತ್ತಿಲ್ಲ. ಇಬ್ಬರೂ ಮನೆಯಲ್ಲಿರುವ ಭಾನುವಾರ ಆರಾಧನೆ, ಕ್ವಾಯರ್ ಪ್ರಾಕ್ಟೀಸ್, ಸಂಜೆ ಮನೆಕೂಟ. ಸೋಮವಾರಕ್ಕೆ ಇನ್ನಷ್ಟು ಸುಸ್ತು. ಇಂಥ ಮನೆಯಲ್ಲಿ ಬೈಬಲಿನ ಹತ್ತು ಆಜ್ಞೆಗಳಲ್ಲಿ ನಾಲ್ಕನೆಯದನ್ನು, ಅಂದರೆ ವಾರಕ್ಕೊಂದು ದಿನ ಕೆಲಸ ಬಿಟ್ಟು ದೇವರಿಗೆ ಮೀಸಲಿಡುವ ಸಬ್ಬತ್ತನ್ನು, ಪಾಲಿಸೋದು ಹೇಗೆ?

ಮನ್ನಾಬುಟ್ಟಿ: ಶನಿವಾರವೋ ಭಾನುವಾರವೋ ಅನ್ನುವ ಜಗಳ ಇಲ್ಲಿ ಬೇಡ. ಬೈಬಲಿನ ರೋಮಾಪುರದವರಿಗೆ 14:5 ಓದಿಕೊಳ್ಳಿ, ದಿನದ ವಿಷಯದಲ್ಲಿ ಅವರವರ ಮನಸ್ಸಿಗೆ ನಿಶ್ಚಯವಾಗಿರಲಿ ಅನ್ನುತ್ತೆ, ಸಾಕು. ಮೊದಲು ದಿನವನ್ನು ಸಂಜೆಯಿಂದ ಸಂಜೆಗೆ ಎಣಿಸಿ. ಶನಿವಾರ 6 ಗಂಟೆಗೆ ಶುರು, ಭಾನುವಾರ 6ಕ್ಕೆ ಮುಗಿತು. ಹಾಗಾದರೆ ಭಾನುವಾರ ರಾತ್ರಿ ಯೂನಿಫಾರ್ಮ್ ಇಸ್ತ್ರಿ, ಡಬ್ಬಿ ತಯಾರಿ ಮಾಡಿದರೂ ವಿಶ್ರಾಂತಿ ಕೆಡಲ್ಲ. ನೈಟ್ ಡ್ಯೂಟಿ ಮುಗಿಸಿ ಬಂದ ಹಗಲಿನ ನಿದ್ದೆಯನ್ನು ಲೆಕ್ಕಕ್ಕೆ ಸೇರಿಸಬೇಡಿ, ಅದು ಸಾಲ ತೀರಿಸೋದು ಅಷ್ಟೇ. ಅವತ್ತಿನ ಸಂಜೆಯಿಂದ ಎಣಿಸಿ.

ಹೆಚ್ಚಿನವರು ಎಡವೋದು ಹಿಂದಿನ ದಿನದಲ್ಲಿ. ವಿಮೋಚನಕಾಂಡ 16ರಲ್ಲಿ ಇಸ್ರಾಯೇಲ್ಯರು ಸಬ್ಬತ್ತಿನ ಹಿಂದಿನ ಆರನೇ ದಿನ ಎರಡು ಪಾಲು ಮನ್ನಾ (ಅರಣ್ಯದಲ್ಲಿ ದೇವರು ಕೊಟ್ಟ ಆಹಾರ) ಕೂಡಿಸಿಟ್ಟರು. ಬೇರೆ ದಿನ ಉಳಿಸಿಕೊಂಡದ್ದು ಹುಳಬಿತ್ತು, ಅವತ್ತು ಉಳಿಸಿದ್ದು ಕೆಡಲಿಲ್ಲ. ತಯಾರಿಯೂ ಆಜ್ಞೆಯ ಭಾಗವೇ. ಇಡ್ಲಿ ಹಿಟ್ಟು ಶನಿವಾರ ಮಧ್ಯಾಹ್ನವೇ ರುಬ್ಬಿ, ಎರಡು ಹೊತ್ತಿಗಾಗುವಷ್ಟು ಸಾರು ಮಾಡಿ ಫ್ರಿಜ್‌ನಲ್ಲಿಡಿ, ಬಟ್ಟೆ ಒಗೆಯೋದು ಶುಕ್ರವಾರಕ್ಕೆ ತಳ್ಳಿ. ಬಾಕಿ ಕೆಲಸ ಒಂದು ಚೀಟಿಯಲ್ಲಿ ಬರೆದು ಮಡಚಿಡಿ, ಇಲ್ಲದಿದ್ದರೆ ಇಡೀ ದಿನ ತಲೆಯಲ್ಲಿ ಕೊರೆಯುತ್ತೆ.

ಸಂಜೆಗಂಟೆ: ನಮ್ಮ ಕಥೋಲಿಕರ ಎಣಿಕೆಯಲ್ಲಿ ಇದು ಮೂರನೇ ಆಜ್ಞೆ, ಇರಲಿ. ಶನಿವಾರ ಸಂಜೆಯ ಬಲಿಪೂಜೆಗೆ (ಮಾಸ್‌ಗೆ) ಹೋದರೂ ಭಾನುವಾರ ಪೂಜೆಗೆ ಹೋಗಬೇಕಾದ ಕಟ್ಟುಪಾಡು ತೀರುತ್ತೆ, 1983ರ ಧರ್ಮಸಭೆಯ ಕಾನೂನಿನ 1248ನೇ ನಿಯಮವೇ ಹಾಗೆ ಹೇಳುತ್ತೆ. ಭಾನುವಾರ ಬೆಳಿಗ್ಗೆ ಡ್ಯೂಟಿ ಇರುವ ನರ್ಸ್‌ಗೆ ಅಪರಾಧಿ ಭಾವ ಬೇಡ: ಯಾಜಕರು ಸಬ್ಬತ್ತಿನಲ್ಲೇ ದೇವಾಲಯದ ಕೆಲಸ ಮಾಡಿಯೂ ನಿರ್ದೋಷಿಗಳು ಅಂತ ಮತ್ತಾಯ 12:5ರಲ್ಲಿದೆ. ಆದರೆ ಹೀಗೆ ಭಾನುವಾರ ದುಡಿಯುವವರಿಗೆ ಬೇರೆ ದಿನ ಬಿಡುವು ಬೇಕೇ ಬೇಕು. ಎಷ್ಟೋ ಪಾಸ್ಟರುಗಳು ಸೋಮವಾರ ರಜೆ ಇಟ್ಟುಕೊಳ್ಳೋದು ಇದಕ್ಕೇ.

ಎತ್ತು_ಕತ್ತೆ: ಮನ್ನಾಬುಟ್ಟಿಯವರೇ, ಹಿಟ್ಟು ರುಬ್ಬೋರು ಯಾರು, ಸಾರು ಮಾಡೋರು ಯಾರು? ಧರ್ಮೋಪದೇಶಕಾಂಡ 5:14ರ ಪಟ್ಟಿಯಲ್ಲಿ ದಾಸಿಗೂ ಎತ್ತಿಗೂ ಕತ್ತೆಗೂ ಬಿಡುವಿದೆ. ಗಂಡ ಸೋಫಾದಲ್ಲಿ, ಹೆಂಡತಿ ಒಲೆಯ ಮುಂದೆ ಅಂದರೆ ಅದು ಸಬ್ಬತ್ ಅಲ್ಲ. ಮುಂದಿನ ವಚನ ಐಗುಪ್ತದ ದಾಸತ್ವ ನೆನಪಿಸೋದು ಸುಮ್ಮನೆ ಅಲ್ಲ. ಅಡುಗೆ ತಪ್ಪಿಸೋಕೆ ಬಿರಿಯಾನಿ ಆರ್ಡರ್ ಮಾಡಿದರೆ ಡೆಲಿವರಿ ಹುಡುಗನ ವಿಶ್ರಾಂತಿ ಏನಾಯಿತು ಅನ್ನೋದನ್ನೂ ಯೋಚಿಸಿ. ಮೊಸರನ್ನ, ಉಪ್ಪಿನಕಾಯಿ ಒಂದು ದಿನಕ್ಕೆ ಸಾಲದೇ?

ಇನ್ನು "ಈ ಸಾಫ್ಟ್‌ವೇರ್ ರಿಲೀಸ್ ಮುಗೀಲಿ, ಆಮೇಲೆ ವಿಶ್ರಾಂತಿ" ಅಂತ ಐಟಿಯವರು ಮುಂದೂಡೋದು. 321ರಲ್ಲಿ ಕಾನ್‌ಸ್ಟಂಟೈನ್ ಚಕ್ರವರ್ತಿ ಭಾನುವಾರದ ರಜೆ ಸಾರಿದಾಗ ಹದ ತಪ್ಪಬಾರದೆಂದು ರೈತರಿಗೆ ವಿನಾಯಿತಿ ಕೊಟ್ಟ. ವಿಮೋಚನಕಾಂಡ 34:21 ಕೊಡಲ್ಲ: ಉಳುವಾಗಲೂ ಕೊಯ್ಯುವಾಗಲೂ ನಿಲ್ಲಿಸು ಅನ್ನುತ್ತೆ. ಕೆಲಸ ಮುಗಿದ ಮೇಲೆ ಸಿಗೋ ಕೂಲಿ ಅಲ್ಲ ವಿಶ್ರಾಂತಿ. ಕ್ವಾಯರ್, ಮನೆಕೂಟಗಳಲ್ಲಿ ಒಂದನ್ನು ವಾರದ ನಡುವಿಗೆ ಸರಿಸಿ ಅಂತ ಸಭಾಪಾಲಕರನ್ನು ಕೇಳಿ. ಮಾರ್ಕ 6:31ರಲ್ಲಿ ಯೇಸು ಶಿಷ್ಯರನ್ನು ದಣಿವಾರಿಸಿಕೊಳ್ಳಲು ಕರೆದದ್ದು ಸೇವೆಯ ನಡುವೆಯೇ, ಊಟಕ್ಕೂ ಪುರುಸೊತ್ತಿಲ್ಲದಾಗ.

ಹಗುರನೊಗ: ಆನ್‌ಕಾಲ್ ಇದ್ದಾಗ?

ಮನ್ನಾಬುಟ್ಟಿ: ಎತ್ತು_ಕತ್ತೆ ಹೇಳಿದ್ದು ಸರಿ, ಹಿಟ್ಟು ಗಂಡ ರುಬ್ಬಲಿ. ಆನ್‌ಕಾಲ್‌ಗೆ: ಫೋನಿನಲ್ಲಿ ಡಿಸ್ಟರ್ಬ್ ಬೇಡ ಅನ್ನೋ ಸೆಟ್ಟಿಂಗ್ ಹಾಕಿ, ಆಫೀಸಿನ ಆ ಒಂದು ನಂಬರಿಗೆ ಮಾತ್ರ ರಿಂಗ್ ಬಿಡಿ. ವಾಟ್ಸಾಪ್ ಸದ್ದು ಬೇಡ. ಲ್ಯಾಪ್‌ಟಾಪ್ ಬೇರೆ ಕೋಣೆಯಲ್ಲಿರಲಿ. ಕರೆ ಬಂದು ಮೂರು ಗಂಟೆ ಹೋದರೆ ದಿನವೇ ಹಾಳಾಯಿತು ಅಂತ ಉಳಿದ ಮೇಲ್ ತೆರೆಯಬೇಡಿ. ಆ ಮೂರು ಗಂಟೆಯನ್ನು ಅದೇ ವಾರದ ಒಂದು ಸಂಜೆಗೆ ಕ್ಯಾಲೆಂಡರಿನಲ್ಲಿ ಈಗಲೇ ಗುರುತು ಮಾಡಿ.