ಸುಮ್ಮನೆ ನೋಡುತ್ತಿರುವುದೇ ಸತಿಯೇ?

ರಾತ್ರಿಪಾಳಿ:
ನಾನು ಆಸ್ಪತ್ರೆಯಲ್ಲಿ ನರ್ಸ್. ಎಂಟು ತಿಂಗಳಿಂದ ದಿನವೂ 20 ನಿಮಿಷ ಉಸಿರಿನ ಮೇಲೆ ಗಮನವಿಟ್ಟು ಕೂರುತ್ತಿದ್ದೇನೆ. ಕಲಿಸಿದವರು ಹೇಳಿದ್ದು ಒಂದೇ ಮಾತು: ಒಳ್ಳೆಯದು ಕೆಟ್ಟದ್ದು ಎನ್ನದೆ ಬಂದದ್ದನ್ನು ಬಂದ ಹಾಗೆ ನೋಡುತ್ತಿರಿ, ಬುದ್ಧ ಹೇಳಿದ್ದೂ ಇಷ್ಟೇ. ಕಳೆದ ವಾರ ಮಜ್ಝಿಮ ನಿಕಾಯ ಎಂಬ ಪಾಲಿ ಸಂಗ್ರಹದ ಸತಿಪಟ್ಠಾನ ಸುತ್ತವನ್ನು, ಅಂದರೆ ಸತಿಯನ್ನು ನೆಲೆಗೊಳಿಸುವ ಬಗೆಗಿನ ಬುದ್ಧನ ಉಪದೇಶವನ್ನು, ಓದಿದೆ. ಅಲ್ಲಿ ‘ಆತಾಪೀ’ ಎಂಬ ಪದ ಮತ್ತೆ ಮತ್ತೆ ಬರುತ್ತದೆ, ಉರಿಯುವ ಉತ್ಸಾಹವುಳ್ಳವನು ಎಂದು ಅರ್ಥವಂತೆ. ಕಾಮ, ದ್ವೇಷ, ಜಡತೆ ಮುಂತಾದ ಐದು ನೀವರಣಗಳು, ಅಂದರೆ ಮನಸ್ಸಿನ ಅಡ್ಡಿಗಳು, ಹೇಗೆ ಹುಟ್ಟುತ್ತವೆ ಎಂಬುದಷ್ಟೇ ಅಲ್ಲ, ಹೇಗೆ ಕಳೆಯುತ್ತವೆ, ಮತ್ತೆ ತಲೆಯೆತ್ತದಂತೆ ಆಗುವುದು ಹೇಗೆ ಎಂಬುದನ್ನೂ ತಿಳಿಯಬೇಕಂತೆ. ಹಾಗಾದರೆ ನಾನು ಮಾಡುತ್ತಿರುವುದು ಏನು?

ಪಾಲಿ ಓದುಗ:
ನಿಮ್ಮ ಅನುಮಾನ ಸರಿಯಾದ ಜಾಗದಲ್ಲೇ ಎದ್ದಿದೆ. ಪಾಲಿಯ ‘ಸತಿ’ ನಮ್ಮ ಸತಿಪತಿಯ ಸತಿಯಲ್ಲ, ಸಂಸ್ಕೃತದ ಸ್ಮೃತಿ. ಅಂದರೆ ನೆನಪು. ಸಂಯುತ್ತ ನಿಕಾಯದಲ್ಲಿ ಸತಿಯನ್ನು ವಿವರಿಸುವಾಗ, ಬಹಳ ಹಿಂದೆ ಮಾಡಿದ್ದನ್ನೂ ಆಡಿದ್ದನ್ನೂ ನೆನಪಿಗೆ ತಂದುಕೊಳ್ಳಬಲ್ಲವನು ಎಂದೇ ಬುದ್ಧ ಹೇಳುತ್ತಾನೆ. 1881ರಲ್ಲಿ ಪಾಲಿ ವಿದ್ವಾಂಸ ರೀಸ್ ಡೇವಿಡ್ಸ್ ಅದಕ್ಕೆ ‘ಮೈಂಡ್‌ಫುಲ್‌ನೆಸ್’ ಎಂಬ ಇಂಗ್ಲಿಷ್ ಪದವನ್ನು ಹೊಂದಿಸಿದರು. ನೂರು ವರ್ಷ ಕಳೆಯುವಷ್ಟರಲ್ಲಿ ಆ ಪದದಿಂದ ನೆನಪು ಸೋರಿಹೋಗಿ ಗಮನವೊಂದೇ ಉಳಿಯಿತು.

ಅಂಗುತ್ತರ ನಿಕಾಯದಲ್ಲಿ ಗಡಿನಾಡಿನ ಒಂದು ಕೋಟೆಯ ಹೋಲಿಕೆ ಇದೆ. ಬಾಗಿಲಲ್ಲಿ ಜಾಣ ಕಾವಲುಗಾರ ನಿಂತಿದ್ದಾನೆ. ಗುರುತಿಲ್ಲದವರನ್ನು ತಡೆಯುತ್ತಾನೆ, ಗೊತ್ತಿದ್ದವರನ್ನು ಒಳಗೆ ಬಿಡುತ್ತಾನೆ. ಆ ಕಾವಲುಗಾರನೇ ಸತಿ. ಬರುವವರನ್ನೆಲ್ಲ ನೋಡುತ್ತ ನಿಂತರೆ ಅವನನ್ನು ಕಾವಲುಗಾರ ಎನ್ನಲು ಬರುತ್ತದೆಯೇ?

ಬೊಂಬೆಯೂರು:
ಒಂದು ಹೋಲಿಕೆಯನ್ನು ಹಿಡಿದು ಇನ್ನೊಂದನ್ನು ಕೈಬಿಟ್ಟಿರಿ. ಅದೇ ಸತಿಪಟ್ಠಾನ ಸುತ್ತದ ಉಸಿರಿನ ಭಾಗದಲ್ಲಿ ಮರವನ್ನು ತಿರುಗಿಸಿ ಕಡೆಯುವವನು ಬರುತ್ತಾನೆ. ಉದ್ದಕ್ಕೆ ಎಳೆದಾಗ ಉದ್ದಕ್ಕೆ ಎಳೆಯುತ್ತಿದ್ದೇನೆಂದು, ಗಿಡ್ಡಕ್ಕೆ ಎಳೆದಾಗ ಗಿಡ್ಡಕ್ಕೆ ಎಳೆಯುತ್ತಿದ್ದೇನೆಂದು ತಿಳಿಯುತ್ತಾನೆ. ಚನ್ನಪಟ್ಟಣದಲ್ಲಿ ಬೊಂಬೆ ಮಾಡುವವರ ಪಕ್ಕದಲ್ಲೇ ಕೂತು ಬೆಳೆದವನು ನಾನು. ತಿರುಗುವ ಮರಕ್ಕೆ ಉಳಿ ತಾಗಿಸಿದ ಕೈ ಅಲುಗುವುದಿಲ್ಲ. ಸುರುಳಿಯಾಗಿ ಏಳುವ ಸಿಪ್ಪೆ ಎಷ್ಟು ತೆಳ್ಳಗಿದೆ ಎಂಬುದರ ಮೇಲೇ ಕಣ್ಣು. ಮೊದಲು ತಿಳಿಯಬೇಕು, ತಿದ್ದುವುದು ಆಮೇಲೆ. ಚಿತ್ತದ ಭಾಗದಲ್ಲೂ ಹೀಗೆಯೇ: ರಾಗವಿರುವ ಚಿತ್ತವನ್ನು ರಾಗವಿರುವ ಚಿತ್ತವೆಂದು ತಿಳಿಯುತ್ತಾನೆ. ಓಡಿಸು ಎಂದು ಅಲ್ಲಿ ಹೇಳಿಲ್ಲ.

1979ರಲ್ಲಿ ಜಾನ್ ಕಬಟ್-ಜಿನ್ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ತಮ್ಮ ಮೈಂಡ್‌ಫುಲ್‌ನೆಸ್ ಕಾರ್ಯಕ್ರಮವನ್ನು ಆರಂಭಿಸಿದಾಗ ಬಂದವರು ವರ್ಷಗಟ್ಟಲೆ ನೋವು ತಿಂದವರು. ಅಂಥವರಿಗೆ ಮೊದಲು ಬೌದ್ಧರ ಗಹನ ತತ್ತ್ವಗ್ರಂಥಗಳಾದ ಅಭಿಧಮ್ಮ ಓದಿಕೊಂಡು ಬನ್ನಿ ಎನ್ನಲಾಗುತ್ತದೆಯೇ?

ರಾತ್ರಿಪಾಳಿ:
ನೋವಿನ ಮಾತು ಬಂದದ್ದರಿಂದ ಕೇಳುತ್ತೇನೆ. ಆ ಸುತ್ತದಲ್ಲಿ ಬರುವ ‘ವೇದನಾನುಪಸ್ಸನಾ’ ಎಂದರೆ ನೋವನ್ನು ನೋಡುವುದೇ? ನಾನು ಹಾಗೆಂದೇ ತಿಳಿದಿದ್ದೆ.

ಪಾಲಿ ಓದುಗ:
ಕನ್ನಡದ ಕಿವಿಗೆ ಹಾಗೇ ಕೇಳಿಸುತ್ತದೆ. ಪಾಲಿಯಲ್ಲಿ ವೇದನೆ ಮೂರು ಬಗೆ: ಸುಖ, ದುಃಖ, ಎರಡೂ ಅಲ್ಲದ್ದು. ಸೆಕೆಯಲ್ಲಿ ಗಾಳಿ ಸೋಕಿದಾಗಿನ ಹಿತವೂ ವೇದನೆಯೇ.

ಬೊಂಬೆಯೂರು ಅವರೇ, ಚಿತ್ತದ ಭಾಗ ನಿಮ್ಮ ಪರವಾಗಿದೆ, ಒಪ್ಪುತ್ತೇನೆ. ಆದರೆ ಸುತ್ತ ಅಲ್ಲಿಗೆ ನಿಲ್ಲದೆ ನಾಲ್ಕು ಆರ್ಯಸತ್ಯಗಳವರೆಗೆ ನಡೆಯುತ್ತದೆ. ಅಷ್ಟಾಂಗ ಮಾರ್ಗದಲ್ಲಿ ಸಮ್ಮಾಸತಿ, ಅಂದರೆ ಸರಿಯಾದ ಸತಿ, ಏಳನೆಯದು. ಅದಕ್ಕಿಂತ ಮುಂಚೆ ಮಾತು, ನಡತೆ, ಹೊಟ್ಟೆಪಾಡು ಎಲ್ಲವೂ ಇವೆ. ಮಿಚ್ಛಾಸತಿ, ಅಂದರೆ ತಪ್ಪು ಸತಿ, ಎಂಬುದನ್ನೂ ಬುದ್ಧ ಹೇಳಿದ್ದಾನೆ. ಬೇಟೆಗಾರನ ಗಮನವೂ ಗಮನವೇ.

ಮೌನಿ:
ಮೂರು ವರ್ಷದ ಹಿಂದೆ ಹತ್ತು ದಿನಗಳ ಒಂದು ಶಿಬಿರಕ್ಕೆ ಹೋಗಿದ್ದೆ. ಆರನೆಯ ದಿನ ಎದೆ ಹೊಡೆದುಕೊಳ್ಳಲು ಶುರುವಾಯಿತು. ಎರಡು ರಾತ್ರಿ ರೆಪ್ಪೆ ಮುಚ್ಚಲಿಲ್ಲ. ಊಟದ ತಟ್ಟೆ ತೊಳೆಯುವಾಗ ನಲ್ಲಿಯ ನೀರಿನ ಸದ್ದಿಗೇ ಕೈ ನಡುಗುತ್ತಿತ್ತು. ಹೇಳಿಕೊಂಡಾಗ ಸಿಕ್ಕ ಉತ್ತರ, ‘ಅದನ್ನೂ ಗಮನಿಸಿ.’ ಚೇತರಿಸಿಕೊಳ್ಳಲು ವೈದ್ಯರೂ ಬೇಕಾದರು, ನಾಲ್ಕು ತಿಂಗಳೂ ಬೇಕಾದವು.

ಆಮೇಲೆ ಸಂಯುತ್ತ ನಿಕಾಯದ ವೇಸಾಲಿ ಸುತ್ತವನ್ನು ಓದಿ ಅತ್ತಿದ್ದೇನೆ. ಬುದ್ಧ ಅಶುಭ ಧ್ಯಾನವನ್ನು, ದೇಹದ ಅಸಹ್ಯವನ್ನು ನೆನೆಯುವ ಧ್ಯಾನವನ್ನು, ಭಿಕ್ಷುಗಳ ಮುಂದೆ ಹೊಗಳಿ ಹದಿನೈದು ದಿನ ಏಕಾಂತಕ್ಕೆ ಹೋಗುತ್ತಾನೆ. ಮರಳಿ ಬಂದಾಗ ಸಂಘ ತೆಳುವಾಗಿದೆ. ತಮ್ಮ ದೇಹದ ಮೇಲೇ ಹೇಸಿಗೆ ಹುಟ್ಟಿ ಹಲವರು ಜೀವ ಕಳೆದುಕೊಂಡಿದ್ದಾರೆ. ಬೇರೆ ದಾರಿ ಹೇಳಬೇಕೆಂದು ಶಿಷ್ಯ ಆನಂದ ಕೇಳಿಕೊಳ್ಳುತ್ತಾನೆ. ಆಗ ಬುದ್ಧ ಉಳಿದವರನ್ನೆಲ್ಲ ಕೂಡಿಸಿ ಆನಾಪಾನಸತಿಯನ್ನು, ಉಸಿರಿನ ಧ್ಯಾನವನ್ನು, ಹೇಳಿಕೊಟ್ಟ. ಬೇಸಗೆಯ ಕೊನೆಯ ತಿಂಗಳಲ್ಲಿ ಎದ್ದ ಧೂಳನ್ನು ಅಕಾಲದ ದೊಡ್ಡ ಮಳೆ ಒಮ್ಮೆಗೇ ಅಡಗಿಸುವಂತೆ ಎಂದ. ಅದರ ಹದಿನಾರು ಹಂತಗಳಲ್ಲಿ ಹತ್ತನೆಯದು, ಚಿತ್ತವನ್ನು ಸಂತೋಷಪಡಿಸುತ್ತ ಉಸಿರಾಡುವುದು. ಶಿಬಿರದಲ್ಲಿ ಒಬ್ಬರಾದರೂ ನನಗೆ ಇದನ್ನು ಹೇಳಿದ್ದರೆ!

ಬೊಂಬೆಯೂರು:
ಇದರ ಎದುರು ನನ್ನ ಬಳಿ ವಾದವಿಲ್ಲ. ಭಾನುವಾರ ಏಳೆಂಟು ಮಂದಿಯನ್ನು ಧ್ಯಾನಕ್ಕೆ ಕೂರಿಸುತ್ತೇನೆ. ನಿದ್ದೆ ಹೇಗಿದೆ, ಔಷಧಿ ಏನಾದರೂ ನಡೆದಿದೆಯೇ ಎಂದು ಈವರೆಗೆ ಯಾರನ್ನೂ ವಿಚಾರಿಸಿಲ್ಲ. ಈ ವಾರದಿಂದ ವಿಚಾರಿಸುತ್ತೇನೆ. ಸುಮ್ಮನೆ ನೋಡುವುದೇ ತಪ್ಪು ಎಂಬುದನ್ನು ಮಾತ್ರ ಈಗಲೂ ಒಪ್ಪಲಾರೆ.

ರಾತ್ರಿಪಾಳಿ:
ನಿನ್ನೆ ರಾತ್ರಿ ಎರಡೂವರೆಗೆ ವಾರ್ಡಿನ ಅಜ್ಜ ಒಬ್ಬರು ಡ್ರಿಪ್ಪಿನ ಸೂಜಿಯನ್ನು ಮೂರನೆಯ ಸಲ ಕಿತ್ತುಹಾಕಿದರು. ಹೊದಿಕೆಯೆಲ್ಲ ರಕ್ತ. ಕೋಪ ಗಂಟಲವರೆಗೆ ಬಂತು, ಬಂದದ್ದು ಕಂಡಿತು. ಅದು ಈ ಎಂಟು ತಿಂಗಳ ಫಲವೇ, ಬೊಂಬೆಯೂರು ಸರ್. ಕಂಡೊಡನೆ ಸಂಜೆ ಅವರ ಮಗಳು ಹೇಳಿದ್ದು ನೆನಪಾಯಿತು: ಕತ್ತಲಾದರೆ ಅಪ್ಪನಿಗೆ ಎಲ್ಲಿದ್ದೇನೆಂದು ತಿಳಿಯುವುದಿಲ್ಲ, ಹೆಸರು ಹಿಡಿದು ಕರೆಯಿರಿ. ದೀಪ ಹಾಕಿ ಹೆಸರು ಹಿಡಿದು ಕರೆದೆ. ಕೈ ಚಾಚಿದರು. ಪಾಲಿ ಓದುಗ ಸರ್, ನೀವು ಹೇಳಿದ ನೆನಪು ಇದೇ ಏನು? ಮೌನಿ ಅವರೇ, ನೀವು ಈಗಲೂ ಕೂರುತ್ತೀರಾ?

ಮೌನಿ:
ಕೂರುತ್ತೇನೆ. ಹತ್ತೇ ನಿಮಿಷ, ಕಣ್ಣು ತೆರೆದುಕೊಂಡು, ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ. ಎದೆ ಬಿಗಿದರೆ ಎದ್ದು ಗಿಡಗಳಿಗೆ ನೀರು ಹಾಕುತ್ತೇನೆ.