ಟಿಎಸ್‌ಸಿ ಕೈಕೊಟ್ಟರೆ ವಾಚ್‌ಡಾಗ್ ಬಾಯಿ ಮುಚ್ಚಿಸೋದು ಸರಿಯಾ?

ಮಂಡಿಹುಡುಗ, ಸಿರ್ಸಿ: ಅಡಿಕೆ ಮಂಡಿಯ ಬಿಲ್ಲಿಂಗ್ ಕಂಪ್ಯೂಟರ್ ಊಟದ ಹೊತ್ತಿಗೆ ಸ್ಲೀಪ್‌ಗೆ ಹೋಗುತ್ತದೆ. ಎದ್ದ ಮೇಲೆ ಎಳೆದಾಡುತ್ತದೆ. ಕರ್ನೆಲ್ (ಲಿನಕ್ಸ್‌ನ ತಿರುಳು) ಲಾಗ್‌ನಲ್ಲಿ ಟಿಎಸ್‌ಸಿ (ಪ್ರೊಸೆಸರ್ ಒಳಗಿನ ಸಮಯದ ಎಣಿಕೆ) ಅನ್‌ಸ್ಟೇಬಲ್, ಅಂದರೆ ನಂಬಲಾಗದು, ಅಂತ ಬಂದಿದೆ. ಕ್ಲಾಕ್‌ಸೋರ್ಸ್, ಅಂದರೆ ಕರ್ನೆಲ್ ಸಮಯ ಓದುವ ಗಡಿಯಾರ, ಎಚ್‌ಪಿಇಟಿ ಅನ್ನೋ ಇನ್ನೊಂದಕ್ಕೆ ಬದಲಾಗಿದೆ. ಲಿನಕ್ಸ್ 4.4. ಬೂಟ್ ಲೈನ್‌ಗೆ (ಕರ್ನೆಲ್ ಶುರುವಾಗುವಾಗ ಕೊಡುವ ಸೂಚನೆಗಳಿಗೆ) ‘ಟಿಎಸ್‌ಸಿ=ರಿಲಯಬಲ್’ ಸೇರಿಸಿದೆ, ಈಗ ಚುರುಕಾಗಿದೆ. ಇಷ್ಟು ಸಾಕಲ್ವಾ?

ಕಾಳಿದಂಡೆ, ಕಾರವಾರ: ಸಾಲದು ತಮ್ಮಾ. ಕರ್ನೆಲ್‌ನ ಕಾವಲು ಕೋಡ್ ಆದ ವಾಚ್‌ಡಾಗ್ ಅರ್ಧ ಸೆಕೆಂಡಿಗೊಮ್ಮೆ ಟಿಎಸ್‌ಸಿಯನ್ನು ಇನ್ನೊಂದು ಗಡಿಯಾರದ ಜೊತೆ ತಾಳೆ ನೋಡುತ್ತದೆ. ‘ರಿಲಯಬಲ್’ ಹಾಕಿ ಆ ಕೆಲಸವನ್ನೇ ನೀನು ನಿಲ್ಲಿಸಿದ್ದೀಯ. ಪ್ರೊಸೆಸರ್‌ನ ಪ್ರತಿ ಕೋರ್‌ಗೂ ತನ್ನದೇ ಟಿಎಸ್‌ಸಿ ಇದೆ. ಒಂದು ಕೋರ್‌ನ ಎಣಿಕೆ ನಿಜಕ್ಕೂ ಹಿಂದೆ ಬಿದ್ದಿದ್ದರೆ, ಪ್ರೋಗ್ರಾಮ್ ಆ ಕೋರ್‌ಗೆ ಹೋದಾಗ ಸಮಯವೂ ತಪ್ಪುತ್ತದೆ. ಹರಾಜಿನ ಬಿಲ್‌ಗಳ ಹೊತ್ತು ಹಿಂದುಮುಂದಾದರೆ ಯಾರಿಗೆ ಏನು ಹೇಳುತ್ತೀಯ?

ಅಘನಾಶಿನಿ, ಕುಮಟಾ: ವಾಚ್‌ಡಾಗ್ ಹೇಳಿದ್ದೆಲ್ಲ ವೇದವಾಕ್ಯ ಅಲ್ಲ ಮಾರಾಯ್ರೆ. ಕೈಗಡಿಯಾರ ನೋಡಿ ಗೋಡೆ ಗಡಿಯಾರದ ಕಡೆ ತಿರುಗುವಷ್ಟರಲ್ಲಿ ಯಾರೋ ಮಾತಿಗೆ ಎಳೆದರು ಅಂದುಕೊಳ್ಳಿ. ಎರಡೂ ಸರಿಯಿದ್ದರೂ ತಾಳೆಯಾಗಲ್ಲ. ಕರ್ನೆಲ್‌ನಲ್ಲೂ ಹೀಗೇ ಆಗುತ್ತಿತ್ತು. ಎರಡು ಓದುಗಳ ನಡುವೆ ತಡವಾದರೆ, ವ್ಯತ್ಯಾಸ 62.5 ಮಿಲಿಸೆಕೆಂಡ್ ದಾಟಿ ಒಳ್ಳೆಯ ಟಿಎಸ್‌ಸಿಗೂ ಕೆಟ್ಟ ಹೆಸರು. ತಡವಾದ ಓದನ್ನು ಬಿಟ್ಟು ಮತ್ತೆ ಓದುವ ತಿದ್ದುಪಡಿ ಬಂದಿದ್ದು 2021ರಲ್ಲಿ. ಎಚ್‌ಪಿಇಟಿಗೆ ಬಿದ್ದರೆ ನಷ್ಟವೂ ಸಣ್ಣದಲ್ಲ. ಟಿಎಸ್‌ಸಿ ಪ್ರೊಸೆಸರ್ ಒಳಗೇ ಇದೆ, ಎಚ್‌ಪಿಇಟಿ ಓದಲು ಪ್ರತಿ ಸಲ ಹೊರಗೆ ಹೋಗಿ ಬರಬೇಕು.

ಕಾಳಿದಂಡೆ: ಒಪ್ಪಿದೆ. ಆದರೆ ಇವರಿಗೆ ಸ್ಲೀಪ್‌ನಿಂದ ಎದ್ದಾಗ ಮಾತ್ರ ಆಗುತ್ತಿದೆ, ಅದನ್ನು ಗಮನಿಸಿ. ನನಗೆ ಅನುಮಾನ ಬಯೋಸ್ (ಬೋರ್ಡ್‌ನಲ್ಲೇ ಇರುವ ಫರ್ಮ್‌ವೇರ್) ಮೇಲೆ. ಏಳುವಾಗ ಅದು ಟಿಎಸ್‌ಸಿ ಎಣಿಕೆಯನ್ನು ಹಿಂದುಮುಂದು ಮಾಡುವ ‘ಟಿಎಸ್‌ಸಿ ಅಡ್ಜಸ್ಟ್’ ರಿಜಿಸ್ಟರ್‌ಗೆ ಏನೋ ಬರೆಯುತ್ತಿರಬೇಕು. ಅದನ್ನು ಪತ್ತೆಹಚ್ಚಿ ಹಳೇ ಮೌಲ್ಯಕ್ಕೆ ತರುವ ಕೋಡ್ ಅನ್ನು ಕರ್ನೆಲ್ ಡೆವಲಪರ್ ಥಾಮಸ್ ಗ್ಲೈಕ್ಸ್‌ನರ್ ಬರೆದರು. ಅದು ಸೇರಿದ್ದು ಆಮೇಲಿನ 4.10ರಲ್ಲಿ, ನಿಮ್ಮ 4.4ರಲ್ಲಿ ಇಲ್ಲ. ರಿಲಯಬಲ್ ತೆಗೆದು, ಹೊಸ ಕರ್ನೆಲ್ ಹಾಕಿ ಎರಡು ಸಲ ಮಲಗಿಸಿ ಎಬ್ಬಿಸಿ ನೋಡಿ.

ಮಂಡಿಹುಡುಗ: ನೋಡಿದೆ. ಎರಡೂ ಸಲ ಲಾಗ್‌ನಲ್ಲಿ ‘ಫರ್ಮ್‌ವೇರ್ ಬಗ್, ಟಿಎಸ್‌ಸಿ ಅಡ್ಜಸ್ಟ್ ಡಿಫರ್ಸ್, ರಿಸ್ಟೋರಿಂಗ್’ ಅಂತ ಬಂತು, ಅಂದರೆ ಬಯೋಸ್ ಬದಲಿಸಿದ್ದನ್ನು ಕರ್ನೆಲ್ ಸರಿಪಡಿಸುತ್ತಿದೆ. ಕ್ಲಾಕ್‌ಸೋರ್ಸ್ ಟಿಎಸ್‌ಸಿಯಲ್ಲೇ ನಿಂತಿದೆ, ಬಿಲ್ಲಿಂಗ್ ಎಳೆದಾಡುತ್ತಿಲ್ಲ.

ಅಘನಾಶಿನಿ: ಹಾಗಾದರೆ ನನ್ನ ಊಹೆ ತಪ್ಪು. ಇಲ್ಲಿ ವಾಚ್‌ಡಾಗ್ ಬೊಗಳಿದ್ದು ಸರಿಯಾಗೇ ಇತ್ತು.

ಕಾಳಿದಂಡೆ: ಬಯೋಸ್ ಅಪ್‌ಡೇಟ್ ಇದ್ದರೆ ಅದನ್ನೂ ಹಾಕಿ. ಇಲ್ಲದಿದ್ದರೆ ಲಾಗ್‌ನ ಆ ಸಾಲು ಮತ್ತು ಬಯೋಸ್ ಆವೃತ್ತಿ ಎರಡನ್ನೂ ಬೋರ್ಡ್ ಮಾಡಿದವರಿಗೆ ಕಳಿಸಿ. ಬರೆಯೋಕೆ ಕಷ್ಟವಾದರೆ ಇಲ್ಲಿ ಹಾಕಿ, ನಾನು ಬರೆದುಕೊಡುತ್ತೇನೆ.