ಮೂಲೆ ಬಿಟ್ಟು ಏಳದ ಗಿನಿಪಿಗ್: ಪಶುವೈದ್ಯರ ಹತ್ರ ಕೇಳಿ

ಪ್ರಶ್ನೆ (ದಾವಣಗೆರೆ): ನಮಸ್ತೆ ಮೇಡಂ. ನಮ್ಮ ಮನೆಯಲ್ಲಿ ಎರಡು ಹೆಣ್ಣು ಗಿನಿಪಿಗ್ ಇವೆ. ಒಂದು ವರ್ಷದವು. ಅದರಲ್ಲಿ ಒಂದು, ವಾರದಿಂದ ಮೂಲೆ ಬಿಟ್ಟು ಏಳ್ತಾ ಇಲ್ಲ. ನಡೆದರೆ ಹಿಂಗಾಲು ಎಳೆಯುತ್ತೆ, ಎತ್ತಿಕೊಂಡರೆ ಕಿರುಚುತ್ತೆ. ಎಲ್ಲೋ ಬಿದ್ದಿರಬೇಕು ಅಂದುಕೊಂಡ್ವಿ. ಊಟಕ್ಕೆ ಮೊಲದ ಪೆಲೆಟ್, ಸೌತೆಕಾಯಿ, ಕ್ಯಾರೆಟ್. ನೀರಿಗೆ ವಿಟಮಿನ್ ಡ್ರಾಪ್ಸ್ ಕೂಡ ಹಾಕ್ತೀವಿ. ಏನಾಗಿರಬಹುದು?

ಡಾಕ್ಟರ್: ಮೂಳೆ ಮುರಿತ, ಮೂತ್ರಕೋಶದ ಕಲ್ಲು, ಎರಡರಲ್ಲೂ ಹೀಗೆ ಆಗಬಹುದಮ್ಮ. ಹಾಗಾಗಿ ಎಕ್ಸ್‌ರೇ ಬೇಕಾಗಬಹುದು. ಆದರೆ ನೀವು ಬರೆದ ಊಟ ನೋಡಿದರೆ ನನ್ನ ಮೊದಲ ಅನುಮಾನ ವಿಟಮಿನ್ ಸಿ ಕೊರತೆ, ಅಂದರೆ ಸ್ಕರ್ವಿ.

ನಾಯಿ, ಬೆಕ್ಕು, ಮೊಲ ಎಲ್ಲವೂ ವಿಟಮಿನ್ ಸಿಯನ್ನು ಮೈಯೊಳಗೇ ತಯಾರಿಸಿಕೊಳ್ಳುತ್ತವೆ. ಗಿನಿಪಿಗ್‌ಗೆ ಮನುಷ್ಯರ ಹಾಗೆ ಆ ಶಕ್ತಿ ಇಲ್ಲ. ನಾರ್ವೆಯ ಹೋಲ್ಸ್ಟ್ ಮತ್ತು ಫ್ರೋಲಿಕ್ 1907ರಲ್ಲಿ ಇವಕ್ಕೆ ಬರೀ ಧಾನ್ಯ ತಿನ್ನಿಸಿ ನೋಡಿದರು. ಹಡಗಿನ ನಾವಿಕರಿಗೆ ಬರುತ್ತಿದ್ದ ಸ್ಕರ್ವಿಯೇ ಇವಕ್ಕೂ ಬಂತು. ಮೊಲದ ಪೆಲೆಟ್‌ಗೆ ವಿಟಮಿನ್ ಸಿ ಸೇರಿಸುವ ಅಗತ್ಯವೇ ಇಲ್ಲ, ಯಾಕಂದ್ರೆ ಮೊಲಕ್ಕೆ ಅದು ಬೇಡ. ಸೌತೆಕಾಯಿ, ಕ್ಯಾರೆಟ್‌ನಲ್ಲಿ ಇರೋದು ಅತ್ಯಲ್ಪ. ಡ್ರಾಪ್ಸ್ ನೀರಿನಲ್ಲಿ ಬೆಳಕಿಗೆ ಬೇಗ ಕೆಡುತ್ತೆ, ರುಚಿ ಹಿಡಿಸದೆ ಅವು ನೀರು ಕುಡಿಯೋದನ್ನೂ ಕಡಿಮೆ ಮಾಡುತ್ತವೆ.

ಕೊರತೆ ಆದಾಗ ಕೀಲಿನ ಸುತ್ತ ಒಳಗೇ ರಕ್ತ ಒಸರುತ್ತೆ. ನೀವು ಎತ್ತಿದಾಗ ಕಿರುಚೋದು ಆ ನೋವಿಗೇ ಇರಬಹುದು. ಕೂದಲು ಒರಟಾಗುತ್ತೆ, ಒಸಡು ಊದುತ್ತೆ, ತಿನ್ನೋಕೆ ಮನಸ್ಸಿದ್ದರೂ ಬಾಯಿ ಹಾಕಲ್ಲ.

ಆರೋಗ್ಯವಾಗಿರುವ ದೊಡ್ಡ ಗಿನಿಪಿಗ್‌ಗೆ ದಿನಕ್ಕೆ ಸುಮಾರು 10ರಿಂದ 30 ಮಿಲಿಗ್ರಾಂ ಸಾಕು. ಒಂದು ದಪ್ಪ ಮೆಣಸಿನಕಾಯಿಯ (ಕ್ಯಾಪ್ಸಿಕಂ) ಕಾಲು ಭಾಗ ಕೊಟ್ಟರೆ ಹೆಚ್ಚುಕಡಿಮೆ ಅಷ್ಟು ಸಿಗುತ್ತೆ. ಜೊತೆಗೆ ಕೊತ್ತಂಬರಿ ಸೊಪ್ಪು, ಆಗಾಗ ಒಂದು ಸಣ್ಣ ಹೋಳು ಪೇರಲೆ. ಕಾಯಿಲೆ ಬಿದ್ದಾಗ ಇಷ್ಟು ಸಾಲದು, ಅಳತೆ ನೋಡಿ ಬಾಯಿಗೇ ಹಾಕಬೇಕು. ಅದನ್ನು ತೂಕ ನೋಡಿದ ಡಾಕ್ಟರ್ ಹೇಳಲಿ. ನಾಳೆಯೇ ಕರೆದುಕೊಂಡು ಹೋಗಿ. ಮೇವು ಪೂರ್ತಿ ಬಿಟ್ಟಿದ್ದರೆ ನಾಳೆ ಅಲ್ಲ, ಈಗಲೇ. ಇವುಗಳ ಕರುಳು ಸದಾ ಓಡುತ್ತಿರಬೇಕು. ಅರ್ಧ ದಿನ ಖಾಲಿ ಬಿಟ್ಟರೆ ಜೀವಕ್ಕೇ ಕುತ್ತು.

ಅದೇ ಪ್ರಶ್ನೆ, ಮುಂದುವರಿಕೆ: ಮೆಡಿಕಲ್ ಶಾಪ್‌ನಲ್ಲಿ ಹೇಳಿದ್ದಕ್ಕೆ ಅಮಾಕ್ಸಿಸಿಲಿನ್ ಸಿರಪ್ ಕೊಟ್ಟಿದ್ದಾರೆ. ಅಲ್ಲಿವರೆಗೆ ಎರಡು ಹನಿ ಹಾಕಲಾ ಮೇಡಂ?

ಡಾಕ್ಟರ್: ಬೇಡ. ದಯವಿಟ್ಟು ಒಂದು ಹನಿಯೂ ಬೇಡ. ಪೆನಿಸಿಲಿನ್ ಜಾತಿಯ ಔಷಧಿ ಬಾಯಿಗೆ ಹಾಕಿದರೆ ಇವುಗಳ ಕರುಳಿನ ಒಳ್ಳೆ ಬ್ಯಾಕ್ಟೀರಿಯಾ ಸಾಯುತ್ತವೆ. ಆ ಜಾಗದಲ್ಲಿ ಕ್ಲಾಸ್ಟ್ರಿಡಿಯಂ ಅನ್ನೋ ಬ್ಯಾಕ್ಟೀರಿಯಾ ಹೆಚ್ಚಿ ವಿಷ ಬಿಡುತ್ತೆ. ಭೇದಿ ಶುರುವಾಗಿ ಕೆಲವೇ ದಿನದಲ್ಲಿ ಪ್ರಾಣಿ ಹೋಗಿಬಿಡುತ್ತೆ. ಮಗುವಿಗೆ ಕೊಡುವ ಸಿರಪ್ ಅಲ್ವಾ, ಇದಕ್ಕೇನಾಗುತ್ತೆ ಅಂತ ಕೊಟ್ಟು ಕಳೆದುಕೊಂಡವರು ನನ್ನ ಮುಂದೆ ಕೂತು ಅತ್ತಿದ್ದಾರೆ. ನಾಯಿ ಬೆಕ್ಕು ಮಾತ್ರ ನೋಡುವ ಡಾಕ್ಟರ್ ಹತ್ರ ಹೋದರೂ, ‘ಇದು ಗಿನಿಪಿಗ್, ಈ ಆ್ಯಂಟಿಬಯಾಟಿಕ್ ಆಗುತ್ತಾ?’ ಅಂತ ಸಂಕೋಚ ಇಲ್ಲದೆ ಕೇಳಿ.

ಪ್ರಶ್ನೆ (ಬೆಂಗಳೂರು): ಮೊಲದ ತಂತಿ ಗೂಡು ಇದೆ, ಕೆಳಗೂ ತಂತಿಯೇ. ಬಾಲ್ಕನಿಯಲ್ಲಿ ಇಟ್ಟಿದ್ದೀವಿ. ಇಲ್ಲ ಅಂದ್ರೆ ಹಳೇ ಗಾಜಿನ ಅಕ್ವೇರಿಯಂ ಇದೆ. ಯಾವುದು ವಾಸಿ ಮೇಡಂ?

ಡಾಕ್ಟರ್: ಎರಡೂ ಬೇಡ ಸರ್. ಗಿನಿಪಿಗ್ ಪಾದದಡಿ ಕೂದಲಿಲ್ಲ, ಮೆತ್ತಗಿನ ಬರೀ ಚರ್ಮ. ತಂತಿ ಮೇಲೆ ನಿಂತೂ ನಿಂತೂ ಮೊದಲು ಕೆಂಪಾಗುತ್ತೆ, ಆಮೇಲೆ ಗಂಟು, ಆಮೇಲೆ ಹುಣ್ಣು. ಸೋಂಕು ಮೂಳೆಗೆ ಇಳಿದರೆ ವಾಸಿಮಾಡೋದು ತುಂಬಾ ಕಷ್ಟ. ಇವತ್ತೇ ತಿರುಗಿಸಿ ಪಾದ ನೋಡಿ.

ಗಾಜಿನ ತೊಟ್ಟಿಯಲ್ಲಿ ಗಾಳಿ ಆಡಲ್ಲ. ಮೂತ್ರದ ಅಮೋನಿಯ ತಳದಲ್ಲೇ ನಿಲ್ಲುತ್ತೆ. ನೀವೇ ಬಗ್ಗಿ, ಮೂಗನ್ನು ಗೂಡಿನ ನೆಲದ ಮಟ್ಟಕ್ಕೆ ತಂದು ಒಮ್ಮೆ ಉಸಿರು ಎಳೆದು ನೋಡಿ. ಕಣ್ಣು ಚುರುಗುಟ್ಟಿದರೆ, ಅವು ಹಗಲೂ ರಾತ್ರಿ ಅದೇ ಗಾಳಿ ಕುಡಿಯುತ್ತಿವೆ. ನಿಮೋನಿಯಾಕ್ಕೆ ಅದು ದಾರಿ.

ಇವು ಹತ್ತುವ ಪ್ರಾಣಿ ಅಲ್ಲ, ಓಡುವ ಪ್ರಾಣಿ. ಎತ್ತರಕ್ಕಿಂತ ಅಗಲ ಮುಖ್ಯ. ಎರಡಕ್ಕೆ ಕನಿಷ್ಠ ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ. ಬ್ಯಾನರ್ ಮಾಡುವ ಅಂಗಡಿಯಲ್ಲಿ ಸಿಗುವ ಸನ್‌ಪ್ಯಾಕ್ ಅನ್ನೋ ಹಗುರ ಪ್ಲಾಸ್ಟಿಕ್ ಶೀಟ್ ತಳಕ್ಕೆ, ಸುತ್ತ ಜಾಲರಿ ಹಲಗೆ. ಅಂಗಡಿ ಪಂಜರಕ್ಕಿಂತ ಕಡಿಮೆ ದುಡ್ಡಲ್ಲಿ ಆಗುತ್ತೆ. ಮೇಲೆ ಪೇಪರ್, ಅದರ ಮೇಲೆ ಫ್ಲೀಸ್ ಬಟ್ಟೆ. ಒದ್ದೆ ಜಾಗ ದಿನಾ ತೆಗೆಯಿರಿ. ಸಾಮಿಲ್‌ನ ಹೊಟ್ಟು ಬೇಡ, ಆ ಧೂಳು ಶ್ವಾಸಕೋಶಕ್ಕೆ ಹೋಗುತ್ತೆ. ಅವಿತುಕೊಳ್ಳೋಕೆ ಎರಡು ರಟ್ಟಿನ ಡಬ್ಬ ಇಡಿ. ಪ್ರತಿ ಡಬ್ಬಕ್ಕೂ ಎರಡೆರಡು ಬಾಗಿಲು ಕತ್ತರಿಸಿ, ಇಲ್ಲ ಅಂದ್ರೆ ಒಂದು ಇನ್ನೊಂದನ್ನು ಮೂಲೆಗೆ ಒತ್ತಿ ಕಚ್ಚುತ್ತೆ. ಬಾಲ್ಕನಿಯಲ್ಲಿ ಬೆಕ್ಕು, ಹೆಗ್ಗಣ, ಮಳೆ ಎರಚಲು ಎಲ್ಲ ಇದೆ. ಮನೆಯೊಳಗೆ ಇಡಿ.

ಪ್ರಶ್ನೆ (ಕಲಬುರಗಿ): ಮೇಡಂ, ನಮ್ಮಲ್ಲಿ ಬೇಸಿಗೆ 40 ಡಿಗ್ರಿ ದಾಟುತ್ತೆ. ಫ್ಯಾನ್ ಸಾಕಾ?

ಡಾಕ್ಟರ್: ಸಾಲದು. ಇವು ಆಂಡೀಸ್ ಬೆಟ್ಟದ ಕಡೆಯವು, 18ರಿಂದ 24 ಡಿಗ್ರಿ ಹಿತ. 30ರ ಹತ್ತಿರ ಹೋದಾಗಲೇ ಅಪಾಯ ಶುರು. ಕೂಲರ್ ಇರುವ ಕೋಣೆಗೆ ತನ್ನಿ. ನೆಲಕ್ಕೆ ಶಹಾಬಾದ್ ಕಲ್ಲು ಇದ್ದರೆ ಒಂದು ಕಡೆ ಬಟ್ಟೆ ಹಾಸದೆ ಬಿಡಿ, ತಾವೇ ಹೋಗಿ ಅಲ್ಲಿ ಮಲಗುತ್ತವೆ. ಮೈ ಚಾಚಿ ಮಲಗಿ ಏದುಸಿರು ಬಿಡುತ್ತಿದ್ದರೆ ಕಿವಿ, ಪಾದಕ್ಕೆ ತಂಪು ನೀರಿನ ಬಟ್ಟೆ ಒತ್ತಿ ಆಸ್ಪತ್ರೆಗೆ ಓಡಿ. ಐಸ್ ನೀರಲ್ಲಿ ಮುಳುಗಿಸಬೇಡಿ.

ಪ್ರಶ್ನೆ (ಮೈಸೂರು): ಒಂದೇ ಗಿನಿಪಿಗ್ ಇದೆ. ಜೊತೆಗಿರಲಿ ಅಂತ ಮೊಲದ ಹತ್ರ ಬಿಡಬಹುದಾ?

ಡಾಕ್ಟರ್: ಬಿಡಬೇಡಿ. ಮೊಲದ ಮೂಗಿನಲ್ಲಿ ಬಾರ್ಡೆಟೆಲ್ಲ ಅನ್ನೋ ಬ್ಯಾಕ್ಟೀರಿಯಾ ಸುಮ್ನೆ ಇರುತ್ತೆ, ಗಿನಿಪಿಗ್‌ಗೆ ಹತ್ತಿದರೆ ನಿಮೋನಿಯಾ. ಒದ್ದರೆ ಮೂಳೆ ಮುರಿಯುತ್ತೆ. ಜೊತೆ ಬೇಕು ಅನ್ನೋದು ಸರಿ, ಸ್ವಿಟ್ಜರ್‌ಲೆಂಡ್‌ನಲ್ಲಿ ಒಂಟಿಯಾಗಿ ಸಾಕೋದಕ್ಕೆ ಕಾನೂನೇ ಬಿಡಲ್ಲ. ಆದರೆ ಆ ಜೊತೆ ಇನ್ನೊಂದು ಗಿನಿಪಿಗ್ ಆಗಿರಬೇಕು.

ಪ್ರಶ್ನೆ (ಶಿವಮೊಗ್ಗ): ಟಿಮೊಥಿ ಹುಲ್ಲು ತುಂಬಾ ದುಬಾರಿ ಮೇಡಂ. ಭತ್ತದ ಹುಲ್ಲು ಆಗುತ್ತಾ? ಕುದುರೆ ಮಸಾಲೆ (ಲೂಸರ್ನ್) ಸೊಪ್ಪು ಇಲ್ಲಿ ಸಿಗುತ್ತೆ.

ಡಾಕ್ಟರ್: ದುಬಾರಿ ಅಂತ ಹುಲ್ಲು ಬಿಟ್ಟು ಬರೀ ಪೆಲೆಟ್ ಹಾಕುವವರಿದ್ದಾರೆ, ನೀವು ಬದಲಿ ಕೇಳಿದ್ದು ಖುಷಿ ಆಯ್ತು. ಇವುಗಳ ಹಲ್ಲು ಸಾಯೋವರೆಗೂ ಬೆಳೆಯುತ್ತೆ. ಹುಲ್ಲು ಅಗಿದೇ ಸವೆಯಬೇಕು. ಸವೆಯದಿದ್ದರೆ ದವಡೆ ಹಲ್ಲು ನಾಲಿಗೆ ಮೇಲೆ ಬಾಗುತ್ತೆ, ಗದ್ದ ಸದಾ ಜೊಲ್ಲಿನಿಂದ ಒದ್ದೆಯಾಗಿರುತ್ತೆ.

ಹಸಿ ಗರಿಕೆ ಹುಲ್ಲು ಒಳ್ಳೆಯದು. ಹೊಸದಾಗಿ ಶುರುಮಾಡುವಾಗ ದಿನಾ ಸ್ವಲ್ಪ ಸ್ವಲ್ಪ ಜಾಸ್ತಿ ಮಾಡಿ. ನಾಯಿ ಓಡಾಡುವ ರಸ್ತೆ ಬದಿಯದ್ದು, ಕಳೆನಾಶಕ ಹೊಡೆದ ತೋಟದ್ದು ಬೇಡ. ಮಳೆಗಾಲದಲ್ಲಿ ರಾಶಿ ಹಾಕಿದರೆ ಒಳಗೆ ಬಿಸಿಯಾಗಿ ಬೂಸ್ಟು ಬರುತ್ತೆ, ಹರಡಿ ಇಡಿ. ಭತ್ತದ ಹುಲ್ಲಿನಲ್ಲಿ ಸತ್ವ ಕಡಿಮೆ, ಅದನ್ನೇ ಮುಖ್ಯ ಮೇವಾಗಿ ಕೊಡಬೇಡಿ. ಕುದುರೆ ಮಸಾಲೆಯಲ್ಲಿ ಕ್ಯಾಲ್ಸಿಯಂ ಜಾಸ್ತಿ. ಮರಿಗಳಿಗೆ, ಬಸಿರಾದವಕ್ಕೆ ಸರಿ. ದೊಡ್ಡವಕ್ಕೆ ದಿನಾ ಕೊಟ್ಟರೆ ಮೂತ್ರಕೋಶದಲ್ಲಿ ಕಲ್ಲು ಕಟ್ಟುವ ಭಯ ಇದೆ.

ಪ್ರಶ್ನೆ (ಹುಬ್ಬಳ್ಳಿ): ಬೆನ್ನ ಮೇಲಿನ ಕೂದಲು ಉದುರಿದೆ, ಹುಚ್ಚು ಹಿಡಿದ ಹಾಗೆ ಕೆರೆದುಕೊಳ್ಳುತ್ತೆ. ಮಗಳ ಕೈಮೇಲೆ ದುಂಡಗೆ ಕೆಂಪು ಕಲೆ ಬಂದಿದೆ. ನಾಯಿಯ ಉಣ್ಣೆ ಪೌಡರ್ ಹಾಕಲೇನ್ರಿ?

ಡಾಕ್ಟರ್: ಪೌಡರ್ ಹಾಕಬೇಡ್ರಿ. ಅಷ್ಟು ಕೆರೆತ ಅಂದರೆ ಚರ್ಮದೊಳಗಿನ ನುಸಿ ಇರಬಹುದು, ಜಾಸ್ತಿಯಾದರೆ ಫಿಟ್ಸ್ ಕೂಡ ಬರುತ್ತೆ. ಚರ್ಮ ಕೆರೆದು ಮೈಕ್ರೋಸ್ಕೋಪಿನಲ್ಲಿ ನೋಡ್ತಾರೆ. ಐವರ್‌ಮೆಕ್ಟಿನ್ ಥರದ ಔಷಧಿಯನ್ನು ತೂಕದ ಲೆಕ್ಕಕ್ಕೆ ಕೊಡಬೇಕು, ಜೊತೆಗಿರುವವಕ್ಕೂ ಕೊಡಬೇಕು. ಮಗಳ ಕಲೆ ಹುಳುಕಡ್ಡಿ ಇರಬಹುದು, ಅದು ಗಿನಿಪಿಗ್‌ನಿಂದಲೂ ಹತ್ತುತ್ತೆ. ಆಕೆಯನ್ನು ಚರ್ಮದ ಡಾಕ್ಟರಿಗೆ ತೋರಿಸಿ, ಮನೆಯಲ್ಲಿ ಗಿನಿಪಿಗ್ ಇದೆ ಅಂತ ಹೇಳಿ.

ಕೊನೆಗೆ ಎಲ್ಲರಿಗೂ ಒಂದು ಮಾತು. ಆಸ್ಪತ್ರೆಗೆ ಬರುವಾಗ, ಜೋಡಿ ಇದ್ದರೆ ಎರಡನ್ನೂ ಒಂದೇ ಡಬ್ಬದಲ್ಲಿ ತನ್ನಿ, ಒಂಟಿಯಾದರೆ ಹೆದರಿ ಮೇವು ಬಿಡುತ್ತವೆ. ಒಂದು ಹಿಡಿ ಹುಲ್ಲೂ ಇರಲಿ. ಬಿಸಿಲೇರುವ ಮೊದಲೇ ಹೊರಡಿ. ಅಡುಗೆಮನೆ ತಕ್ಕಡಿ ಇದ್ದರೆ ಇವತ್ತಿನ ತೂಕ ಬರೆದುಕೊಂಡು ಬನ್ನಿ.